ಕ್ಯಾರವಾನ್ ಎಳೆಯುವ ಕಾರಿಗೆ 13 ಪಿನ್ನಿನ ಸಾಕೆಟ್: ಅರ್ತಿನಿಂದಲೇ ಶುರುಮಾಡಿ

ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಗಾಡಿ, ನಮ್ಮ ಕ್ಯಾರವಾನಿನ ಮೊದಲ ಪ್ರವಾಸದಲ್ಲಿ ಫ್ರಿಜ್ಜಿನೊಳಗೆ ದೋಸೆ ಹಿಟ್ಟು ಉಕ್ಕಿ ಹರಿದಿತ್ತು. ಟೆಲ್‌ಫರ್ಡ್‌ನ ನಮ್ಮ ಮನೆಯಿಂದ ಎ5 ರಸ್ತೆ ಹಿಡಿದು, ಶ್ರೂಸ್‌ಬರಿ ದಾಟಿ, ವೇಲ್ಸ್‌ನ ಲಾಂಗೋಲೆನ್ ಕಡೆಗೆ ಹೊರಟಿದ್ದೆವು. ಜುಲೈ ತಿಂಗಳು, ಒಳ್ಳೆ ಬಿಸಿಲು. ಲಾಂಗೋಲೆನ್ ಮುಟ್ಟುವ ಮೊದಲು ರಸ್ತೆ ಬದಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹಿಂದೆ ಬರುತ್ತಿದ್ದ ವಯಸ್ಸಾದವರೊಬ್ಬರೂ ನಿಲ್ಲಿಸಿ, ಇಳಿದು ಬಂದು ಹೇಳಿದರು: ನೀವು ಇಂಡಿಕೇಟರ್ ಹಾಕಿದರೆ ಕ್ಯಾರವಾನಿನ ಟೈಲ್ ಲೈಟೂ ಅದರ ತಾಳಕ್ಕೇ ಮಿನುಗುತ್ತದೆ, ಬ್ರೇಕ್ ಒತ್ತಿದರೆ ಎಲ್ಲ ದೀಪವೂ ಮಂಕಾಗುತ್ತದೆ. ಅತ್ತೆ ಒಳಗೆ ಹೋಗಿ ಹಾಲು ತೆಗೆಯಲು ಫ್ರಿಜ್ ಬಾಗಿಲು ತೆರೆದವರು ನನ್ನನ್ನು ಕೂಗಿದರು. ಹಾಲು ಬೆಚ್ಚಗಿತ್ತು, ಹಿಟ್ಟು ಕೆಳಗಿನ ತಟ್ಟೆಯ ತುಂಬ ಇತ್ತು.

ಎರಡು ತೊಂದರೆಗೂ ಕಾರಣ, ಕಾರಿನಿಂದ ಕ್ಯಾರವಾನಿಗೆ ಕರೆಂಟು ಕೊಡುವ ಸಾಕೆಟ್ಟಿನ ವೈರಿಂಗಿನಲ್ಲಿದ್ದ ಒಂದೇ ಸ್ಕ್ರೂ. ಅದನ್ನು ಹುಡುಕಲು ನನಗೆ ಎರಡು ವಾರಾಂತ್ಯ ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಮೋಟಾರ್ ವೈಂಡಿಂಗ್ ಅಂಗಡಿಯವರ ಮಗಳು. ತೆಂಗಿನ ತೋಟದ ಪಂಪ್‌ಸೆಟ್ಟುಗಳು ಸುಟ್ಟು ಅಂಗಡಿಗೆ ಬರುತ್ತಿದ್ದವು. ಶಾಲೆ ಬಿಟ್ಟ ಮೇಲೆ ಅಪ್ಪನ ಪಕ್ಕ ಕೂತು ತಾಮ್ರದ ತಂತಿ ಸುತ್ತುವುದನ್ನು ನೋಡುತ್ತಿದ್ದೆ. ಅವರ ಕೈಯಲ್ಲಿ ಯಾವಾಗಲೂ ಇರುತ್ತಿದ್ದದ್ದು ಟೆಸ್ಟ್ ಲ್ಯಾಂಪು: ಒಂದು ಹೋಲ್ಡರು, ಒಂದು ಬಲ್ಬು, ಎರಡು ವೈರು. ಮಲ್ಟಿಮೀಟರ್ ಬಂದ ಮೇಲೂ ಅದನ್ನು ಬಿಡಲಿಲ್ಲ. ಇಲ್ಲಿ ನಾನು ಮೀಟರ್ ಹಿಡಿದು ಸಾಕೆಟ್ಟಿನ ಪಿನ್ನುಗಳನ್ನೆಲ್ಲ ನೋಡಿ, ಎಲ್ಲದರಲ್ಲೂ 12 ವೋಲ್ಟ್ ಸರಿಯಾಗಿ ಬರುತ್ತಿದೆ, ಆದರೂ ಹೀಗೇಕೆ ಎಂದು ಫೋನಿನಲ್ಲಿ ಕೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಲೋಡ್ ಹಾಕಿ ನೋಡಿದ್ಯಾ ಪುಟ್ಟಿ?"

ಅಂದರೆ ಬಲ್ಬಿನಂಥ, ಕರೆಂಟು ಎಳೆಯುವ ಏನನ್ನಾದರೂ ಜೋಡಿಸಿ ನೋಡಿದ್ಯಾ ಎಂದು. ನೋಡಿರಲಿಲ್ಲ. ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ದಾರಿಯಲ್ಲಿ ತುಕ್ಕು ಹಿಡಿದ ಜೋಡಣೆ ಇದ್ದರೂ ಅದು 12 ಎಂದೇ ತೋರಿಸುತ್ತದೆ. ಲೆಕ್ಕ ಹಾಕಿ ನೋಡಿ. ಕ್ಯಾರವಾನಿನ ಎರಡು ಬ್ರೇಕ್ ಬಲ್ಬು ತಲಾ 21 ವ್ಯಾಟ್, ಒಟ್ಟು 42. 12 ವೋಲ್ಟಿಗೆ ಮೂರೂವರೆ ಆಂಪಿಯರ್. ಕಾರಿನಲ್ಲಿ ಅರ್ತ್ ಎಂದರೆ ಕರೆಂಟು ಕಾರಿನ ಲೋಹದ ದೇಹದ ಮೂಲಕ ಬ್ಯಾಟರಿಯ ನೆಗೆಟಿವಿಗೆ ವಾಪಸಾಗುವ ದಾರಿ. ಆ ಅರ್ತಿನ ಸ್ಕ್ರೂನಲ್ಲಿ ಬರೀ ಒಂದು ಓಮ್ ತಡೆ ಇದ್ದರೆ ಬಲ್ಬಿಗೆ ಸಿಗುವುದು ಒಂಬತ್ತು ಚಿಲ್ಲರೆ ವೋಲ್ಟ್ ಮಾತ್ರ. ಬಲ್ಬು ಹಾಕದೆ ನೋಡಿದರೆ ಮೀಟರ್ ಆಗಲೂ 12 ಎನ್ನುತ್ತದೆ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ.

ಮೊದಲು ನಿಮ್ಮ ಹತ್ತಿರ ಯಾವ ಪ್ಲಗ್ಗಿದೆ ನೋಡಿಕೊಳ್ಳಿ. ಬ್ರಿಟನ್ನಿನ ಹಳೆಯ ಕ್ಯಾರವಾನುಗಳಲ್ಲಿ ಏಳು ಪಿನ್ನಿನ ಎರಡು ಪ್ಲಗ್ಗು ಇರುತ್ತವೆ. ಕಪ್ಪಗಿನದು 12ಎನ್, ಅದು ರಸ್ತೆ ದೀಪಗಳಿಗೆ. ಬೂದು ಅಥವಾ ಬಿಳಿ ಬಣ್ಣದ್ದು 12ಎಸ್, ಅದು ಫ್ರಿಜ್, ಬ್ಯಾಟರಿ, ರಿವರ್ಸ್ ಲೈಟಿಗೆ. 2008ರ ಸೆಪ್ಟೆಂಬರಿನಿಂದ ಇಲ್ಲಿನ ತಯಾರಕರು ಎರಡನ್ನೂ ಸೇರಿಸಿದ 13 ಪಿನ್ನಿನ ಒಂದೇ ಪ್ಲಗ್ಗಿಗೆ ಬಂದರು. ಅದರ ಮಾನಕ ಐಎಸ್‌ಒ 11446. ಈಗ ಕಾರಿಗೆ ಹೊಸದಾಗಿ ಹಾಕಿಸುವುದಾದರೆ 13 ಪಿನ್ನಿನದನ್ನೇ ಹಾಕಿಸಿ. ಕ್ಯಾರವಾನ್ ಹಳೆಯದಾದರೆ ಅಡಾಪ್ಟರ್ ಸಿಗುತ್ತದೆ. ಆದರೆ ಪ್ರವಾಸ ಮುಗಿದ ಕೂಡಲೇ ಅಡಾಪ್ಟರನ್ನು ಕಿತ್ತು ಡಿಕ್ಕಿಯಲ್ಲಿಡಿ. ಸಾಕೆಟ್ಟಿನಲ್ಲೇ ಬಿಟ್ಟರೆ ಮುಚ್ಚಳ ಮುಚ್ಚುವುದಿಲ್ಲ, ಇಲ್ಲಿನ ಮಳೆಗೆ ಒಂದು ಚಳಿಗಾಲದಲ್ಲಿ ಪಿನ್ನುಗಳು ಹಸಿರುಗಟ್ಟುತ್ತವೆ.

ಇನ್ನು ವೈರಿಂಗ್ ಕಿಟ್. ಹಳೆ ಕಾಲದಲ್ಲಿ ಟೈಲ್ ಲೈಟಿನ ವೈರಿಗೆ ಕ್ಲಿಪ್ಪು ಕಚ್ಚಿಸಿ ಒಂದು ಕವಲು ತೆಗೆದರೆ ಆಯಿತು. ಈಗಿನ ಕಾರಿನಲ್ಲಿ ಹಾಗೆ ಮಾಡಲೇಬೇಡಿ. ಇವತ್ತಿನ ಕಾರುಗಳಲ್ಲಿ ಕಂಪ್ಯೂಟರು ಬಲ್ಬು ಸುಟ್ಟಿದೆಯೇ ಎಂದು ತನ್ನಷ್ಟಕ್ಕೇ ಪರೀಕ್ಷಿಸುತ್ತಿರುತ್ತದೆ. ಕೆಲವದರಲ್ಲಿ ಒಂದೇ ಬಲ್ಬನ್ನು ಕರೆಂಟು ಕತ್ತರಿಸಿ ಕತ್ತರಿಸಿ ಕೊಟ್ಟು ಟೈಲಿಗೆ ಮಂದವಾಗಿಯೂ ಬ್ರೇಕಿಗೆ ಪ್ರಖರವಾಗಿಯೂ ಉರಿಸುತ್ತಾರೆ. ಅಂಥ ವೈರಿಗೆ ಕ್ಯಾರವಾನಿನ ಬಲ್ಬಿನ ಭಾರ ಹೊರಿಸಿದರೆ ಕಂಟ್ರೋಲ್ ಯೂನಿಟ್ಟೇ ಹೋಗಬಹುದು.

ಉಳಿದಿರುವುದು ಎರಡು ದಾರಿ. ಒಂದು ಬೈಪಾಸ್ ರಿಲೇ: ಕಾರಿನ ವೈರಿನಿಂದ ಸೂಚನೆಯನ್ನಷ್ಟೇ ತೆಗೆದುಕೊಂಡು, ದೀಪ ಉರಿಸುವ ಕರೆಂಟನ್ನು ಬ್ಯಾಟರಿಯಿಂದಲೇ ತರುತ್ತದೆ. ಅಗ್ಗ, ಹಳೆಯ ಕಾರುಗಳಿಗೆ ಸಾಕು. ಇನ್ನೊಂದು ನಿಮ್ಮ ಕಾರಿನ ಮಾದರಿಗೆಂದೇ ಮಾಡಿದ ಕಿಟ್. ಅದು ಕಾರಿನ ಕಂಪ್ಯೂಟರ್ ಜೊತೆ ಮಾತಾಡುತ್ತದೆ. ಹಿಂದೆ ಕ್ಯಾರವಾನ್ ಇದೆ ಎಂದು ಗೊತ್ತಾದರೆ ಕಾರು ಹಿಂದಿನ ಪಾರ್ಕಿಂಗ್ ಸೆನ್ಸರನ್ನು ಸುಮ್ಮನಾಗಿಸುತ್ತದೆ, ತನ್ನ ಫಾಗ್ ಲೈಟನ್ನು ಆರಿಸಿ ಕ್ಯಾರವಾನಿನದನ್ನಷ್ಟೇ ಉರಿಸುತ್ತದೆ. ಆ ಸೌಲಭ್ಯವಿರುವ ಕಾರಾದರೆ ಕ್ಯಾರವಾನ್ ತೂಗಾಡದಂತೆ ಬ್ರೇಕ್ ಹಿಡಿಯುವ ವ್ಯವಸ್ಥೆಯನ್ನೂ ಎಚ್ಚರಿಸುತ್ತದೆ. ಬೆಲೆ ಜಾಸ್ತಿ, ಕೊನೆಯಲ್ಲಿ ಕೋಡಿಂಗ್, ಅಂದರೆ ಹೊಸ ಕಿಟ್ಟನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸುವ ಕೆಲಸ, ಮಾಡಿಸಲು ಒಬ್ಬರನ್ನು ಕರೆಸಬೇಕು. ಆದರೂ ನನ್ನ ಮಾತು ಕೇಳುವುದಾದರೆ ಇದನ್ನೇ ತೆಗೆದುಕೊಳ್ಳಿ. ಮಕ್ಕಳನ್ನು ಕೂರಿಸಿಕೊಂಡು ಒಂದು ಟನ್ನಿಗಿಂತ ಹೆಚ್ಚಿನ ಗಾಡಿ ಎಳೆಯುವಾಗ ಈ ಖರ್ಚಿನಲ್ಲಿ ಉಳಿತಾಯ ಹುಡುಕಬಾರದು.

ಕೆಲಸಕ್ಕೆ ಬೇಕಾದ ಸಾಮಾನು: ಒಳ್ಳೆ ಕ್ರಿಂಪಿಂಗ್ ಇಕ್ಕಳ, ಬಿಸಿಗೆ ಕುಗ್ಗುವ ಸ್ಲೀವು, ಉಂಗುರದ ಲಗ್ಗುಗಳು, ಉಪ್ಪುಕಾಗದ, ವ್ಯಾಸಲೀನು, ಮೀಟರು, ಮತ್ತೆ ಎರಡು ಟೆಸ್ಟ್ ಲ್ಯಾಂಪು. ಒಂದು 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬು. ಇನ್ನೊಂದು ಹಳೆಯ ಎಚ್4 ಹೆಡ್‌ಲೈಟ್ ಬಲ್ಬು. ಅದರ ಎರಡು ಫಿಲಮೆಂಟು 60 ಮತ್ತು 55 ವ್ಯಾಟ್. ಎರಡನ್ನೂ ಒಟ್ಟಿಗೆ ಉರಿಸಿದರೆ 115, ಹೆಚ್ಚೂಕಡಿಮೆ ನಮ್ಮ ಫ್ರಿಜ್ಜಿನಷ್ಟೇ. ಅದು ಬೇಗ ಕಾಯುತ್ತದೆ, ಗಾಜು ಮುಟ್ಟಬೇಡಿ, ಐದಾರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಈ ಲ್ಯಾಂಪುಗಳನ್ನು ಹೊಸ ಸಾಕೆಟ್ಟಿನ ಪಿನ್ನಿಗೆ ಮಾತ್ರ ಹಚ್ಚಿ. ಕಾರಿನ ಸ್ವಂತ ವೈರುಗಳಿಗೆ ಚುಚ್ಚಿ ನೋಡುವುದು ಬೇಡ.

ಬ್ಯಾಟರಿಯ ನೆಗೆಟಿವ್ ತೆಗೆಯುವ ಮೊದಲು ಡಿಕ್ಕಿ ತೆರೆದಿಡಿ, ಅದರ ಚಿಲಕಕ್ಕೆ ಬಟ್ಟೆ ಸುತ್ತಿಡಿ. ಚಿಲಕ ವಿದ್ಯುತ್ತಿನದಾದರೆ, ಬ್ಯಾಟರಿ ಕಳಚಿದ ಮೇಲೆ ಡಿಕ್ಕಿ ಮುಚ್ಚಿಕೊಂಡರೆ ತೆರೆಯಲು ಪಾಡುಪಡಬೇಕು. ಆಮೇಲೆ ಡಿಕ್ಕಿಯ ಪಕ್ಕದ ಹೊದಿಕೆ ಬಿಚ್ಚಿ, ಕಿಟ್ಟಿನ ಮಾಡ್ಯೂಲು ಟೈಲ್ ಲೈಟಿನ ಹತ್ತಿರ ಗಟ್ಟಿಯಾಗಿ ಕೂರುವ ಜಾಗ ಹುಡುಕಿ. ಬ್ಯಾಟರಿ ಬಾನೆಟ್ಟಿನಡಿ ಇದ್ದರೆ ಅಲ್ಲಿಂದ ಡಿಕ್ಕಿಯವರೆಗೆ ದಪ್ಪ ವೈರು ಬಾಗಿಲ ಹೊಸ್ತಿಲ ಪಟ್ಟಿಯ ಕೆಳಗೆ ಬರಬೇಕು. ಅಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಎಳೆಯಬೇಡಿ, ಬಿಚ್ಚಬೇಡಿ, ಅದಕ್ಕೆ ನಿಮ್ಮ ವೈರು ಕಟ್ಟಬೇಡಿ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲಿ. ಡಿಕ್ಕಿಯ ಕಡೆ ಹಾಕಿದರೆ, ದಾರಿಯಲ್ಲಿ ವೈರು ಉಜ್ಜಿ ಹರಿದಾಗ ಕಾಯಲು ಯಾರೂ ಇರುವುದಿಲ್ಲ.

ವೈರು ಹೊರಗೆ ಹೋಗುವ ತೂತಿಗೆ ರಬ್ಬರ್ ಗ್ರಾಮೆಟ್, ಅಂದರೆ ತೂತಿನ ಅಂಚು ವೈರನ್ನು ಕೊಯ್ಯದಂತೆ ಕಾಯುವ ಉಂಗುರ, ಕಡ್ಡಾಯ. ತೂತು ಕೊರೆದರೆ ಬರಿಗಬ್ಬಿಣದ ಅಂಚಿಗೆ ಬಣ್ಣ ಹಚ್ಚಿ. ಗ್ರಾಮೆಟ್ಟಿನಿಂದ ಹೊರಬಂದ ವೈರು ಒಮ್ಮೆ ಕೆಳಗೆ ಜೋತು ಬಿದ್ದು ಆಮೇಲೆ ಸಾಕೆಟ್ಟಿಗೆ ಏರಬೇಕು; ಆಗ ಅದರ ಮೇಲೆ ಹರಿಯುವ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಡಿಕ್ಕಿಯೊಳಗೆ ನುಸುಳುವುದಿಲ್ಲ. ಸೈಲೆನ್ಸರಿನಿಂದ ದೂರ ಇಡಿ.

ಈಗ ಪಿನ್ನುಗಳು. ನಮ್ಮ ಊರ ಕಡೆ ವೈರಿಂಗ್ ನೋಡಿದವರಿಗೆ ಒಂದು ಎಚ್ಚರಿಕೆ: ಹಸಿರು ಅರ್ತ್, ಕಪ್ಪು ನ್ಯೂಟ್ರಲ್, ಕೆಂಪು ಫೇಸ್ ಎಂಬ ಅಭ್ಯಾಸವನ್ನು ಇಲ್ಲಿ ಮರೆಯಬೇಕು. ಇಲ್ಲಿ ಅರ್ತ್ ಬಿಳಿ. ಹಸಿರು ವೈರು ಬಲ ಇಂಡಿಕೇಟರು.

1 ಎಡ ಇಂಡಿಕೇಟರ್, ಹಳದಿ. 2 ಹಿಂದಿನ ಫಾಗ್ ಲೈಟ್, ನೀಲಿ. 3 ರಸ್ತೆ ದೀಪಗಳ ಅರ್ತ್, ಬಿಳಿ. 4 ಬಲ ಇಂಡಿಕೇಟರ್, ಹಸಿರು. 5 ಬಲ ಟೈಲ್ ಲೈಟ್, ಕಂದು. 6 ಬ್ರೇಕ್ ಲೈಟ್, ಕೆಂಪು. 7 ಎಡ ಟೈಲ್ ಲೈಟ್, ಕಪ್ಪು. 8 ರಿವರ್ಸ್ ಲೈಟ್, ಗುಲಾಬಿ. ಇಲ್ಲಿಗೆ ದೀಪಗಳು ಮುಗಿದವು. 9 ಕ್ಯಾರವಾನಿಗೆ ಸದಾ ಇರುವ 12 ವೋಲ್ಟ್, ಕಿತ್ತಳೆ. 10 ಎಂಜಿನ್ ಓಡುವಾಗ ಮಾತ್ರ ಬರುವ, ಫ್ರಿಜ್ಜಿನ ಕರೆಂಟು, ಬೂದು. 11 ಹತ್ತರ ಅರ್ತ್, ಬಿಳಿ-ಕಪ್ಪು. 12 ಸಾಮಾನ್ಯವಾಗಿ ಖಾಲಿ. 13 ಒಂಬತ್ತರ ಅರ್ತ್, ಬಿಳಿ-ಕೆಂಪು.

ಈ ಬಣ್ಣಗಳು ಬ್ರಿಟನ್ನಿನ ಕ್ಯಾರವಾನಿನ ರೂಢಿ. ಯುರೋಪಿನಿಂದ ಬಂದ ಕಿಟ್ಟಿನಲ್ಲಿ ಬೇರೆ ಇರಬಹುದು. ಆದ್ದರಿಂದ ಬಣ್ಣವನ್ನಲ್ಲ, ಅಂಕಿಯನ್ನು ನಂಬಿ; ಸಾಕೆಟ್ಟಿನ ಹಿಂಬದಿಯಲ್ಲಿ ಪ್ರತಿ ತೂತಿನ ಪಕ್ಕ ಅಂಕಿ ಅಚ್ಚಾಗಿರುತ್ತದೆ. ಕಾಗದದ ಮೇಲಿನ ಚಿತ್ರ ಮುಂದಿನಿಂದ ನೋಡಿದ್ದೋ ಹಿಂದಿನಿಂದ ನೋಡಿದ್ದೋ ಎಂದು ಖಾತ್ರಿ ಮಾಡಿಕೊಳ್ಳದೆ ಒಂದು ವೈರನ್ನೂ ಸಿಕ್ಕಿಸಬೇಡಿ. ಎಡಬಲ ಅದಲುಬದಲಾಗುವುದು ಇಲ್ಲಿಯೇ. ಇಂಡಿಕೇಟರ್ ತಿರುಗುಮುರುಗಾದ ಕ್ಯಾರವಾನ್ ರಸ್ತೆಯಲ್ಲಿ ಎಷ್ಟು ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ.

3, 9, 10, 11, 13 ಇವಕ್ಕೆ 2.5 ಚದರ ಮಿಲಿಮೀಟರಿನ ವೈರು, ಉಳಿದವಕ್ಕೆ 1.5 ಸಾಕು. ಇಲ್ಲಿ ಜಿಪುಣತನ ಏಕೆ ಬೇಡ ಎಂದರೆ: ಐದು ಮೀಟರ್ ಹೋಗಿ ಐದು ಮೀಟರ್ ವಾಪಸು, ಒಟ್ಟು ಹತ್ತು ಮೀಟರ್ ತಾಮ್ರದಲ್ಲಿ 10 ಆಂಪಿಯರ್ ಹರಿದರೆ 2.5ರ ವೈರಿನಲ್ಲಿ ಸುಮಾರು 0.7 ವೋಲ್ಟ್ ಕಳೆಯುತ್ತದೆ, 1.5ರದ್ದರಲ್ಲಿ 1.2. ಕ್ಯಾರವಾನಿನೊಳಗಿನ ವೈರಿನ ನಷ್ಟ ಇದರ ಮೇಲೆ.

ನಮ್ಮ ಫ್ರಿಜ್ಜಿನ ಕಥೆ ಇರುವುದೂ ಇಲ್ಲೇ. ಕ್ಯಾರವಾನಿನ ಈ ಬಗೆಯ ಫ್ರಿಜ್ಜಿಗೆ ಮನೆಯದರಂತೆ ಕಂಪ್ರೆಸರ್ ಇಲ್ಲ. ಶಾಖದಿಂದಲೇ ತಣ್ಣಗಾಗುವ ವ್ಯವಸ್ಥೆ. ಶಾಖ ಗ್ಯಾಸಿನಿಂದಲೋ, 230 ವೋಲ್ಟಿನಿಂದಲೋ, 12 ವೋಲ್ಟಿನಿಂದಲೋ ಬರಬೇಕು. ಓಡುವಾಗ ಗ್ಯಾಸ್ ಆರಿಸಿರುತ್ತೇವೆ, ಹಾಗಾಗಿ 12 ವೋಲ್ಟೊಂದೇ ಗತಿ. ನಮ್ಮದು 120 ವ್ಯಾಟಿನದು, ಅಂದರೆ 10 ಆಂಪಿಯರ್. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.2 ವೋಲ್ಟ್ ಇದ್ದರೂ ಫ್ರಿಜ್ಜಿನ ತುದಿಯಲ್ಲಿ ಸಿಕ್ಕಿದ್ದು 9.1. ವೋಲ್ಟೇಜ್ ಇಳಿದರೆ ಶಾಖ ಅದರ ವರ್ಗದಂತೆ ಇಳಿಯುತ್ತದೆ. 9.1ಕ್ಕೆ 120 ವ್ಯಾಟಿನ ಹೀಟರು 69 ವ್ಯಾಟ್ ಮಾತ್ರ ಕೊಡುತ್ತದೆ. ಜುಲೈ ಬಿಸಿಲಿಗೆ ದೋಸೆ ಹಿಟ್ಟು ಉಕ್ಕದೆ ಇನ್ನೇನು ಮಾಡೀತು.

ನಷ್ಟ ಎಲ್ಲಿ ಎಂದು ಹುಡುಕುವ ಬಗೆ ಹೀಗೆ. ಫ್ರಿಜ್ ಹಾಕಿ, ಎಂಜಿನ್ ಓಡಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ಸಾಕೆಟ್ಟಿನ ಹಿಂಬದಿಯಲ್ಲಿ 11ನೇ ಪಿನ್ನಿಗೆ. ಎರಡೂ ಅರ್ತ್ ಆದ್ದರಿಂದ ಅರ್ಧ ವೋಲ್ಟೂ ಇರಬಾರದು. ನನಗೆ ಬಂದದ್ದು 3 ವೋಲ್ಟ್. ಅರ್ತ್ ಸ್ಕ್ರೂ ಬಿಚ್ಚಿ ನೋಡಿದೆ. ಮೊದಲು ಸಾಕೆಟ್ ಹಾಕಿದ ಫಿಟ್ಟರು 3, 11, 13 ಮೂರನ್ನೂ ಒಟ್ಟುಗೂಡಿಸಿ ಒಂದೇ ತೆಳು ವೈರಿನಲ್ಲಿ ತಂದು, ಬಣ್ಣದ ಮೇಲೇ ಒಂದು ಸ್ಕ್ರೂ ತಿರುಗಿಸಿ ಬಿಟ್ಟಿದ್ದರು. ಸ್ಕ್ರೂ ಸುತ್ತ ಬಣ್ಣ ಕಂದಿ ಹೋಗಿತ್ತು. ಫ್ರಿಜ್ಜಿಗೆ ಹೋಗಬೇಕಿದ್ದ ಶಾಖ ಆ ಸ್ಕ್ರೂನಲ್ಲಿ ಹುಟ್ಟುತ್ತಿತ್ತು. ದೀಪಗಳೂ ಅದೇ ಸ್ಕ್ರೂ ಮೂಲಕ ವಾಪಸಾಗುತ್ತಿದ್ದರಿಂದ, ಒಂದು ಇಂಡಿಕೇಟರ್ ಹತ್ತಿದರೆ ಉಳಿದವುಗಳ ಪಾಲು ಕಡಿಮೆಯಾಗಿ ಎಲ್ಲ ಒಟ್ಟಿಗೆ ಮಿನುಗುತ್ತಿದ್ದವು.

ಸರಿಯಾದ ಅರ್ತ್ ಹೀಗಿರಬೇಕು: ಮೂರು ಪಿನ್ನಿಗೆ ಮೂರು ಪ್ರತ್ಯೇಕ ವೈರು. ಕಾರಿನ ದೇಹದ ದಪ್ಪ ಲೋಹ ಇರುವ ಕಡೆ, ಸಾಧ್ಯವಾದರೆ ತಯಾರಕರೇ ಕೊಟ್ಟ ಅರ್ತ್ ಬೋಲ್ಟಿನಲ್ಲಿ ಹಿಡಿಸಿ. ಬೋಲ್ಟಿನ ಕೆಳಗೆ ಉಪ್ಪುಕಾಗದದಿಂದ ಉಜ್ಜಿ ಲೋಹ ಹೊಳೆಯುವವರೆಗೂ ಬಣ್ಣ ತೆಗೆಯಿರಿ. ಉಂಗುರದ ಲಗ್ಗು, ಮೇಲೆ ಹಲ್ಲಿನ ವಾಷರು, ಆಮೇಲೆ ಬಿಗಿಯಿರಿ. ಬಿಗಿದ ಮೇಲೆ ಸುತ್ತ ವ್ಯಾಸಲೀನು ಸವರಿ, ಮೊದಲಲ್ಲ. ಕ್ಯಾರವಾನಿನ ಕಡೆಯಲ್ಲಂತೂ ಈ ಮೂರು ಅರ್ತನ್ನು ಒಂದಕ್ಕೊಂದು ಸೇರಿಸಲೇಬೇಡಿ. ಸೇರಿಸಿದರೆ ಫ್ರಿಜ್ಜಿನ ಕರೆಂಟು ದೀಪದ ಸಣ್ಣ ವೈರಿನಲ್ಲಿ ನುಗ್ಗುತ್ತದೆ.

ಎಂಜಿನ್ ಆರಿಸಿದಾಗ 10ನೇ ಪಿನ್ನು ಸತ್ತಿರಬೇಕು. ಇದನ್ನು ಎರಡು ಸಲ ನೋಡಿ. ಸತ್ತಿರದಿದ್ದರೆ ನೀವು ಊಟಕ್ಕೆ ನಿಲ್ಲಿಸಿದಾಗಲೂ ಫ್ರಿಜ್ಜು 10 ಆಂಪಿಯರ್ ಎಳೆಯುತ್ತಲೇ ಇರುತ್ತದೆ. 60 ಆಂಪಿಯರ್-ಅವರಿನ ಬ್ಯಾಟರಿ ಅರ್ಧ ದಿನದೊಳಗೆ ಬರಿದಾಗಿ ಕಾರು ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ ಓಡುವಾಗ ಕ್ಯಾರವಾನಿನೊಳಗಿನ ದೀಪ, ನೀರಿನ ಪಂಪು ಕೆಲಸ ಮಾಡದಿದ್ದರೆ ಹೆದರಬೇಡಿ: 10ರಲ್ಲಿ ಕರೆಂಟು ಬಂದ ಕೂಡಲೇ ಒಳಗಿನ ರಿಲೇ ಮನೆ ಬಳಕೆಯ ವೈರಿಂಗನ್ನು ಕಳಚಿ, ಫ್ರಿಜ್ಜಿಗೂ ಬ್ಯಾಟರಿ ಚಾರ್ಜಿಗೂ ದಾರಿ ಬಿಡುತ್ತದೆ. ಅದು ಹಾಗೆಯೇ ಇರಬೇಕು.

ನಿಮ್ಮ ಕಾರು ಯುರೋ 6 ಎಂಬ ಹೊಗೆಯ ಮಾನಕದ್ದಾಗಿದ್ದರೆ ಇನ್ನೊಂದು ಮಾತು. ಅಂಥ ಬಹಳಷ್ಟು ಕಾರುಗಳಲ್ಲಿ ಇಂಧನ ಉಳಿಸಲು, ಎಂಜಿನ್ನಿನಿಂದ ಕರೆಂಟು ಹುಟ್ಟಿಸುವ ಆಲ್ಟರ್ನೇಟರು ತನ್ನ ವೋಲ್ಟೇಜನ್ನು ಇಳಿಸಿ ಏರಿಸಿ ಮಾಡುತ್ತಿರುತ್ತದೆ. ಕಾರಿನ ಬ್ಯಾಟರಿ ತುಂಬಿದೆ ಎನಿಸಿದರೆ ಇಳಿಸಿಬಿಡುತ್ತದೆ, ಹಿಂದಿನ ಫ್ರಿಜ್ಜು ಅದಕ್ಕೆ ಗೊತ್ತಿಲ್ಲ. ಮಾದರಿಗೆಂದೇ ಮಾಡಿದ ಕಿಟ್ ಕೊಳ್ಳಿ ಎಂದದ್ದು ಇದಕ್ಕೂ ಸೇರಿ. ಕ್ಯಾರವಾನ್ ಇದೆ ಎಂದು ತಿಳಿದರೆ ಕೆಲವು ಕಾರುಗಳು ವೋಲ್ಟೇಜ್ ಇಳಿಸುವುದನ್ನು ನಿಲ್ಲಿಸುತ್ತವೆ.

ಬ್ಯಾಟರಿ ಮತ್ತೆ ಜೋಡಿಸಿ, ಕೋಡಿಂಗ್ ಮಾಡಿಸಿ. ನಾನು ಮನೆಗೇ ಬಂದು ಮಾಡಿಕೊಡುವ ಟೋಬಾರ್ (ಕ್ಯಾರವಾನ್ ಎಳೆಯುವ ಕೊಕ್ಕೆ) ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದ್ದೆ, ಅರ್ಧ ತಾಸಿನ ಕೆಲಸ. ಲ್ಯಾಪ್‌ಟಾಪ್ ಮುಚ್ಚುವ ಮುನ್ನ ನನ್ನ ಅರ್ತ್ ಬೋಲ್ಟುಗಳನ್ನು ಅವರಿಗೂ ತೋರಿಸಿ ಸರಿಯಿದೆಯೇ ಎಂದು ಕೇಳಿಕೊಂಡೆ. ನಿಮ್ಮ ಕೆಲಸವನ್ನೂ ಹಾಗೆ ಒಬ್ಬ ತಿಳಿದವರ ಕಣ್ಣಿಗೆ ಹಾಕಿ. 13 ಪಿನ್ನಿನ ಸಾಕೆಟ್ಟನ್ನು ವರ್ಷದ ಎಂಒಟಿ ತಪಾಸಣೆಯಲ್ಲೂ ನೋಡುತ್ತಾರೆ.

ಕೊನೆಯ ಪರೀಕ್ಷೆ. 21 ವ್ಯಾಟಿನ ಲ್ಯಾಂಪಿನ ಒಂದು ವೈರು 3ಕ್ಕೆ, ಇನ್ನೊಂದು 1, 2, 4, 5, 6, 7, 8ಕ್ಕೆ ಒಂದೊಂದಾಗಿ. ಪ್ರತಿಯೊಂದರಲ್ಲೂ ಬಲ್ಬು ಒಂದೇ ಸಮನೆ ಪ್ರಖರವಾಗಿ ಉರಿಯಬೇಕು. ಆಮೇಲೆ ಹೆಡ್‌ಲೈಟ್ ಬಲ್ಬು 9 ಮತ್ತು 13ರ ನಡುವೆ, 10 ಮತ್ತು 11ರ ನಡುವೆ. ಕೆಲವು ಮಾಡ್ಯೂಲುಗಳು ಕ್ಯಾರವಾನಿನ ದೀಪಗಳ ಭಾರ ಕಂಡ ಮೇಲೆಯೇ 9ಕ್ಕೂ 10ಕ್ಕೂ ಕರೆಂಟು ಬಿಡುತ್ತವೆ, ಹಾಗಿದ್ದರೆ ಕ್ಯಾರವಾನ್ ಜೋಡಿಸಿ ಫ್ರಿಜ್ ಹಾಕಿಯೇ ನೋಡಿ. ನನಗೆ ಈಗ ಫ್ರಿಜ್ಜಿನ ತುದಿಯಲ್ಲಿ 12.5 ಸಿಗುತ್ತದೆ.

ಪ್ಲಗ್ಗನ್ನು ಒತ್ತಿ, ಬಲಕ್ಕೆ ಕಾಲು ಸುತ್ತು ತಿರುಗಿಸಿ ಕೂರಿಸಿ. ಈಗ ಇಬ್ಬರು ಬೇಕು. ನಮ್ಮನೆಯವರು ಸೀಟಿನಲ್ಲಿ, ಮಗ ಹಿಂದೆ ನಿಂತು ಕೂಗುತ್ತಾನೆ: ಟೈಲ್, ಎಡ, ಬಲ, ಬ್ರೇಕ್, ಫಾಗ್, ರಿವರ್ಸ್. ಒಂದೊಂದೇ ಆದಮೇಲೆ ಎಲ್ಲವನ್ನೂ ಒಟ್ಟಿಗೆ ಹಾಕಿಸಿ: ಟೈಲ್ ಉರಿಯುತ್ತಿರಲಿ, ಫ್ರಿಜ್ ಓಡುತ್ತಿರಲಿ, ಬ್ರೇಕ್ ಒತ್ತಿ ಹಿಡಿದು ಎಡ ಇಂಡಿಕೇಟರ್ ಹಾಕಲಿ. ಯಾವ ದೀಪವೂ ಇನ್ನೊಂದರ ತಾಳಕ್ಕೆ ಅಲುಗಬಾರದು. ಇಂಡಿಕೇಟರು ನಿಮಿಷಕ್ಕೆ 60ರಿಂದ 120 ಸಲದೊಳಗೆ ಮಿನುಗಬೇಕು. ಕ್ಯಾರವಾನಿನ ಇಂಡಿಕೇಟರ್ ಕೆಲಸ ಮಾಡುತ್ತಿದೆ ಎಂದು ಒಳಗೆ ಕೂತ ಚಾಲಕರಿಗೆ ದೀಪವೋ ಸದ್ದೋ ತಿಳಿಸಬೇಕು. ಮಗನ ಕೈಯಲ್ಲಿ ಕ್ಯಾರವಾನಿನ ಒಂದು ಇಂಡಿಕೇಟರ್ ಬಲ್ಬು ತೆಗೆಸಿ ಆ ಸೂಚನೆ ನಿಲ್ಲುತ್ತದೋ ಎಂದೂ ನೋಡಿ.

ಕ್ಯಾರವಾನ್ ಕಳಚಿದ ಮೇಲೆ ಸಾಕೆಟ್ಟಿನ ಮುಚ್ಚಳ ಮುಚ್ಚಿದೆಯೇ ನೋಡಿ. ಪ್ಲಗ್ಗು ನೆಲಕ್ಕೆ ತಾಗದಂತೆ ಅದರ ಹಿಡಿಕೆಯಲ್ಲಿ ಸಿಕ್ಕಿಸಿ. ನಮ್ಮ ಎಚ್4 ಬಲ್ಬು, 21 ವ್ಯಾಟಿನ ಲ್ಯಾಂಪು, 15 ಮತ್ತು 20 ಆಂಪಿಯರಿನ ನಾಲ್ಕು ಫ್ಯೂಸು ಒಂದು ಹಳೆ ಸ್ಟೀಲ್ ಡಬ್ಬಿಯಲ್ಲಿ ಡಿಕ್ಕಿಯಲ್ಲೇ ಇರುತ್ತವೆ; ಹೊರಡುವ ದಿನ ಬೆಳಿಗ್ಗೆ, ಹಿಟ್ಟಿನ ಪಾತ್ರೆ ಫ್ರಿಜ್ಜಿಗೆ ಇಡುವ ಮೊದಲು, ಅದನ್ನು ತೆಗೆದು ಒಂದು ಸಲ ಲೋಡ್ ಹಾಕಿ ನೋಡುತ್ತೇನೆ.